ಬೆಳ್ಳಿ ಮರೆಯಾದ ಒಂಬತ್ತು ತಿಂಗಳು

“ಇದು ಒಡೆದದ್ದಲ್ಲ ಕಣೇ,” ಅಂದಳು ಇನ್ಸ್‌ಪೆಕ್ಟರಕ್ಕ. “ಬಿಡಿಸಿದ್ದು.”

ಮೇಜಿನ ಆಚೆಗೆ ಕೂತಿದ್ದ ಗುಬ್ಬಿ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಸಣ್ಣ ಕುಂಚವನ್ನು ಬಟ್ಟೆಗೆ ಒರೆಸುತ್ತಲೇ ಇದ್ದಳು. ಅದರಲ್ಲಿ ಒರೆಸಲು ಏನೂ ಉಳಿದಿರಲಿಲ್ಲ.

ಇಬ್ಬರ ನಡುವೆ ಮರಳು ತುಂಬಿದ ತಟ್ಟೆ. ಅದರ ಮೇಲೆ ಎರಡು ಮಣ್ಣಿನ ತುಂಡುಗಳು. ನಿನ್ನೆ ಬೆಳಿಗ್ಗೆಯವರೆಗೆ ಜನ ನೋಡಿದ್ದು ಅಂಗೈ ಅಗಲದ ಒಂದೇ ಹಲಗೆ. ಸಾವಿರಾರು ವರ್ಷಗಳ ಹಿಂದೆ ಯಾರೋ ಪುಣ್ಯಾತ್ಮ ಆಕಾಶ ನೋಡಿ, ಹಸಿ ಜೇಡಿಮಣ್ಣಿನಲ್ಲಿ ಕಡ್ಡಿ ಚುಚ್ಚಿ ಬರೆದಿಟ್ಟ ಹಲಗೆ.

ನಿನ್ನೆ ಮ್ಯೂಸಿಯಂನ ಸಭಾಂಗಣದಲ್ಲಿ, ತುಂಬಿದ ಸಭೆಯ ಎದುರಿಗೆ, ಅದು ಎರಡಾಗಿತ್ತು. ಊಟದ ಬಿಡುವಿನಲ್ಲಿ ಅದರ ಜೊತೆ ಒಂಟಿಯಾಗಿ ಇದ್ದವನು ಇನ್ಸ್‌ಪೆಕ್ಟರಕ್ಕನ ಒಡಹುಟ್ಟಿದ ತಮ್ಮ. ಇವತ್ತು ಸಂಜೆ ಬಾಗಿಲು ಹಾಕುವುದರೊಳಗೆ ಬೇರೆ ಯಾರ ಹೆಸರೂ ಸಿಗದಿದ್ದರೆ ಪೊಲೀಸರಿಗೆ ದೂರು ಕೊಡುತ್ತೇನೆ ಅಂತ ಮ್ಯೂಸಿಯಂನ ಮುಖ್ಯಸ್ಥರು ಹೇಳಿಬಿಟ್ಟಿದ್ದರು. ದೂರು ಹೋದರೆ ತಮ್ಮನ ವೀಕ್ಷಣಾಲಯದ ಕೆಲಸ ಹೋಯಿತು. ಹೆಸರು ಹೋಯಿತು. ಜೈಲಿಗೆ ಹೋದರೂ ಹೋದನೇ.

ಇಲಾಖೆಯ ಕೆಲಸ ಬಿಟ್ಟು ಎಷ್ಟೋ ಕಾಲವಾಗಿದ್ದರೂ ಜನ ಅವಳನ್ನು ಇನ್ಸ್‌ಪೆಕ್ಟರಕ್ಕ ಅಂತಲೇ ಕರೆಯುತ್ತಿದ್ದರು. ಕಳ್ಳರನ್ನು ಹಿಡಿಯಲು ಹೋಗುವ ದಿನವೂ ಅವಳು ಕಾಫಿ ಬಿಟ್ಟವಳಲ್ಲ. ಇವತ್ತು ಬೆಳಿಗ್ಗೆ ಮಾತ್ರ ತುಂಬಿದ ಲೋಟ ಹಾಗೇ ಬಿಟ್ಟು ಎದ್ದು ಬಂದಿದ್ದಳು. ಎಷ್ಟಾದರೂ ತನ್ನ ಕಂಕುಳಲ್ಲಿ ಬೆಳೆದ ಹುಡುಗ.

“ನಾನು ಮಣ್ಣಿನ ಪಂಡಿತೆ ಏನಲ್ಲ,” ಅಂತ ಮುಂದುವರಿಸಿದಳು. “ಆದ್ರೆ ಮನೇಲಿ ಒಂದು ಹೂಕುಂಡ ಬಿದ್ರೂ ಆಮೇಲೆ ವಾರಗಟ್ಟಲೆ ಕಾಲಿಗೆ ಚೂರು ಚುಚ್ಚುತ್ತೆ. ಇಲ್ಲಿ ನೋಡು. ನಿನ್ನೆ ಇದನ್ನ ಇಟ್ಟಿದ್ದ ಬಟ್ಟೇನ ನಿಮ್ಮ ಮ್ಯೂಸಿಯಂ ಸಾಹೇಬ್ರು ಹಾಗೇ ಮಡಚಿ ಎತ್ತಿಟ್ಟಿದ್ರು. ನಾನೇ ಬಿಚ್ಚಿ ನೋಡ್ದೆ. ಒಂದು ಕಣ ಪುಡಿ ಇಲ್ಲ. ಸುಡದ ಮಣ್ಣು, ಬೆರಳಲ್ಲಿ ಉಜ್ಜಿದ್ರೆ ಉದುರುತ್ತೆ. ಅದು ಒಡೆದು ಎರಡಾಯ್ತು, ಪುಡಿ ಮಾತ್ರ ಆಗ್ಲಿಲ್ಲ. ಇದ್ಯಾವ ನ್ಯಾಯ?”

ಗುಬ್ಬಿ ಕುಂಚವನ್ನು ತಿರುಗಿಸಿ ಇನ್ನೊಂದು ಬದಿ ಒರೆಸಿದಳು.

“ಇನ್ನೊಂದು. ಇದು ಹಿಂದೆ ಎರಡು ತುಂಡು ಕೂಡಿಸಿ ಅಂಟಿಸಿದ ಹಲಗೆ. ಒಡೆದ ಬದೀಲಿ ಹಳೇ ಅಂಟು ಇರ್ಬೇಕಿತ್ತಲ್ಲ? ಬೆಳಿಗ್ಗೆಯಿಂದ ಭೂತಗನ್ನಡಿ ಹಿಡ್ಕೊಂಡು ನೋಡಿದೀನಿ. ಮೇಲಿನ ತುಂಡಿನ ಬದಿ ತೊಳೆದ ತಟ್ಟೆ ಥರ ಇದೆ. ಮೂಗಿನ ಹತ್ರ ಹಿಡಿದ್ರೆ ಉಗುರುಬಣ್ಣ ಅಳಿಸೋ ನೀರಿನ ವಾಸನೆ. ಈ ಕೋಣೆ ತುಂಬಾ ಅದೇ ವಾಸನೆ ಇದೆ ಗುಬ್ಬಿ.”

ಇರಲೇಬೇಕಲ್ಲ. ಅದು ಮ್ಯೂಸಿಯಂನ ದುರಸ್ತಿ ಕೋಣೆ. ನೆಲಮಾಳಿಗೆಯಲ್ಲಿ, ಮೇಲೆ ಒಂದೇ ಕಿಟಕಿ. ಅದರಾಚೆ ಬೀದಿಯಲ್ಲಿ ಹೋಗುವವರ ಕಾಲುಗಳು ಮಾತ್ರ ಕಾಣುತ್ತಿದ್ದವು. ಗೋಡೆಗೆ ಬಾಟಲಿಗಳ ಸಾಲು, ಕಡ್ಡಿಗೆ ಸುತ್ತಿದ ಹತ್ತಿ, ಮರಳಿನ ಚೀಲಗಳು, ಅರ್ಧ ಕೂಡಿಸಿದ ಮಡಕೆಗಳು. ಇಲ್ಲಿ ಕೆಲಸ ಮಾಡುವವಳು ಗುಬ್ಬಿ ಒಬ್ಬಳೇ. ಮುರಿದದ್ದನ್ನು ಕೂಡಿಸುವುದು ಅವಳ ಕಸುಬು. ಆ ಕಸುಬಿಗೆ ಒಂದು ಕಟ್ಟುನಿಟ್ಟಾದ ನಿಯಮ ಇದೆ: ಮುಂದೆ ಬರುವವರು ಬಿಡಿಸಲಾಗದಂಥ ಅಂಟನ್ನು ಎಂದೂ ಹಾಕಬಾರದು. ತಪ್ಪಾಗಿ ಕೂಡಿಸಿದ್ದರೆ ಇನ್ನೊಬ್ಬರು ಬಂದು ಸರಿಮಾಡುವ ಹಾಗಿರಬೇಕು.

ಮನುಷ್ಯರ ನಡುವೆಯೂ ಹಾಗೊಂದು ಅಂಟು ಇದ್ದಿದ್ದರೆ ಅಂತ ಇನ್ಸ್‌ಪೆಕ್ಟರಕ್ಕನಿಗೆ ಅನ್ನಿಸಿತು. ಯಾಕೆಂದರೆ ಈ ಗುಬ್ಬಿ ಅವಳ ಮನೆಗೆ ತಮ್ಮನ ಹೆಂಡತಿಯಾಗಿ ಬರಬೇಕಾಗಿದ್ದವಳು.

ಅದನ್ನು ಹಾಳು ಮಾಡಿದ್ದೂ ಇದೇ ಹಲಗೆ.

*

ಗುಬ್ಬಿಯ ಅಪ್ಪನಿಗೆ ವಿದ್ಯಾರ್ಥಿಗಳೆಲ್ಲ ಸೇರಿ ಇಟ್ಟ ಹೆಸರು ಗ್ರಹಚಾರ ಮೇಷ್ಟ್ರು. ಪ್ರೀತಿಯಿಂದಲೇ ಇಟ್ಟದ್ದು. ಹಳೆಯ ಕಾಲದ ಜನ ಆಕಾಶದ ಬಗ್ಗೆ ಬರೆದಿಟ್ಟದ್ದನ್ನೆಲ್ಲ ಓದುವುದೇ ಅವರ ಜೀವನ. ಪ್ರಾಯದಲ್ಲಿ ಅವರು ಇದೇ ಮ್ಯೂಸಿಯಂನ ಉಗ್ರಾಣದಲ್ಲಿ ಚೂರುಗಳ ಪೆಟ್ಟಿಗೆಯೊಂದನ್ನು ಕೆದಕುತ್ತಾ ಕೂತು, ಒಂದು ಮುರುಕು ಹಲಗೆಗೆ ಸರಿಯಾಗಿ ಹೊಂದುವ ಕೆಳತುಂಡನ್ನು ಹುಡುಕಿ ತೆಗೆದರು. ಎರಡನ್ನೂ ಕೂಡಿಸಿ ಓದಿದಾಗ ಅವರ ಮೈ ಜುಂ ಅಂದಿತಂತೆ.

ಮೇಲಿನ ತುಂಡು ಹೇಳುತ್ತಿತ್ತು: ಬೆಳ್ಳಿ ಪೂರ್ವದಲ್ಲಿ ಮರೆಯಾಯಿತು. ಕೆಳಗಿನದು ಹೇಳುತ್ತಿತ್ತು: ಒಂಬತ್ತು ತಿಂಗಳ ಮೇಲೆ ಪಶ್ಚಿಮದಲ್ಲಿ ಕಂಡಿತು.

ಬೆಳ್ಳಿ ಅಂದರೆ ಶುಕ್ರಗ್ರಹ. ಬೆಳಗಿನ ಜಾವ ಕಾಣುತ್ತಿದ್ದದ್ದು ಸೂರ್ಯನ ಹಿಂದೆ ಮರೆಯಾಗಿ ಸಂಜೆಯ ಕಡೆ ಮೂಡಲು ಹೆಚ್ಚೆಂದರೆ ಎರಡು ಮೂರು ತಿಂಗಳು ಬೇಕು. ಒಂಬತ್ತು ತಿಂಗಳು ಅದು ಎಲ್ಲಿ ಹೋಗಿತ್ತು? ಮೇಷ್ಟ್ರು ಉತ್ತರ ಕೊಟ್ಟರು: ದಾರಿ ತಪ್ಪಿತ್ತು. ಭೂಮಿಯ ಹತ್ತಿರಕ್ಕೆ ಬಂದಿತ್ತು. ಸಮುದ್ರ ಉಕ್ಕಿ ಊರುಗಳು ಮುಳುಗಿದ ಹಳೆಯ ಕಥೆಗಳೆಲ್ಲ ಕಟ್ಟುಕಥೆಗಳಲ್ಲ, ಕಂಡವರು ಹೇಳಿದ ಮಾತು.

ಅವರ ಹತ್ತಿರವೇ ನಕ್ಷತ್ರ ಗುರುತಿಸಲು ಕಲಿತವನು ಈ ತಮ್ಮ. ಗುರುಗಳ ಮನೆಯಲ್ಲೇ ಉಂಡು, ಅವರ ಮಹಡಿಯ ಮೇಲೇ ಮಲಗಿ, ಅವರ ಮಗಳನ್ನೇ ಮೆಚ್ಚಿಕೊಂಡವನು. ಆಮೇಲೆ ವೀಕ್ಷಣಾಲಯ ಸೇರಿ ಗ್ರಹಗಳ ಹಾದಿಯನ್ನು ಹಿಂದಕ್ಕೆ ಹಿಂದಕ್ಕೆ ಲೆಕ್ಕ ಹಾಕಿ ನೋಡಿದ. ಶುಕ್ರ ಎಲ್ಲೂ ಹೋಗಿರಲಿಲ್ಲ. ಇದ್ದಲ್ಲೇ ಇದ್ದ.

ಅಷ್ಟನ್ನೇ ಹೇಳಿ ಸುಮ್ಮನಾಗಿದ್ದರೆ ಆಗುತ್ತಿತ್ತು. ಆದರೆ ಬಾಯಿ ಕೇಳಬೇಕಲ್ಲ! ಗುರುಗಳು ಮುಂದಿನ ಸಾಲಿನಲ್ಲಿ ಕೂತಿದ್ದ ಒಂದು ಸಭೆಯಲ್ಲಿ ಅವನು ಮೈಕು ಹಿಡಿದು, “ಒಂಬತ್ತು ತಿಂಗಳು ಕಾಣೆಯಾಗಿದ್ದನಂತೆ ಶುಕ್ರ. ಏನು, ಹೆರಿಗೆಗೆ ಹೋಗಿದ್ದನಾ?” ಅಂದುಬಿಟ್ಟ. ಸಭೆ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರೂ ನಕ್ಕರು. ಮನೆಗೆ ಹೋಗಿ ಊಟ ಬಿಟ್ಟು ಮಲಗಿದರು. ಮದುವೆಯ ಮಾತು ಅಲ್ಲಿಗೆ ನಿಂತಿತು. ಯಾರೂ ಬೇಡ ಅನ್ನಲಿಲ್ಲ, ಯಾರೂ ಮತ್ತೆ ಎತ್ತಲೂ ಇಲ್ಲ.

ನಿನ್ನೆ ಬೆಳಿಗ್ಗೆ ಮ್ಯೂಸಿಯಂನವರು ಏರ್ಪಡಿಸಿದ್ದ ಗುರು ಶಿಷ್ಯರ ವಾದವನ್ನು ಇನ್ಸ್‌ಪೆಕ್ಟರಕ್ಕ ಹಿಂದಿನ ಸಾಲಿನಲ್ಲಿ ಕೂತು ಕೇಳಿದ್ದಳು.

“ಆಕಾಶ ಯಾವಾಗ್ಲೂ ಹೀಗೇ ಇತ್ತು ಅಂತ ನೀನು ಮೊದ್ಲೇ ಒಪ್ಕೊಂಡು ಲೆಕ್ಕ ಶುರು ಮಾಡ್ತೀಯ,” ಅಂದಿದ್ದರು ಮೇಷ್ಟ್ರು. “ಆಮೇಲೆ ಆಕಾಶ ಹೀಗೇ ಇತ್ತು ಅಂತ ಉತ್ತರ ಬಂತು ಅಂತ ಕುಣೀತೀಯ. ಕಣ್ಣಾರೆ ಕಂಡವನು ಬರೆದಿಟ್ಟಿದ್ದಾನಪ್ಪಾ. ಅವನನ್ನ ಸುಳ್ಳ ಅನ್ನೋಕೆ ನಿನಗೆ ಯಾರು ಅಧಿಕಾರ ಕೊಟ್ರು?”

“ಅದೇ ಜನ ಗ್ರಹಣಗಳನ್ನೂ ಬರೆದಿದ್ದಾರೆ ಸರ್. ಅವೆಲ್ಲ ಇವತ್ತಿನ ಲೆಕ್ಕಕ್ಕೆ ಕರಾರುವಾಕ್ಕಾಗಿ ಕೂರುತ್ವೆ.”

“ಶುಕ್ರ ದಾರಿ ತಪ್ಪಿದ್ರೆ ಚಂದ್ರ ಯಾಕೆ ತಪ್ಪಬೇಕು?”

“ಸಮುದ್ರ ಉಕ್ಕಿಸೋವಷ್ಟು ಹತ್ರ ಬಂತು ಅಂತೀರಿ. ಅಷ್ಟು ಹತ್ರ ಬಂದದ್ದು ಚಂದ್ರನನ್ನ ಮಾತ್ರ ಮುಟ್ಟದೇ ಹೋಯ್ತಾ?”

ಮೇಷ್ಟ್ರು ಉತ್ತರದ ಬದಲು ಹಲಗೆಯನ್ನೇ ಎರಡೂ ಕೈಯಲ್ಲಿ ಎತ್ತಿ ಜನಕ್ಕೆ ತೋರಿಸಿದರು. ತಮ್ಮ ಆಗ ಕೊನೆಯ ಏಟು ಹಾಕಿದ: “ಆ ಕೆಳಗಿನ ತುಂಡು ಈ ಹಲಗೇದೇ ಅಲ್ಲ ಸರ್. ಬೇರೆ ಯಾವುದೋ ಹಲಗೇದು. ನೀವು ತಪ್ಪಾಗಿ ಕೂಡಿಸಿದ್ದೀರಿ. ಮಧ್ಯಾಹ್ನ ಎಲ್ಲರ ಎದುರಿಗೆ ಬಿಡಿಸಿ ನೋಡೋಣ, ಒಪ್ತೀರಾ?”

“ಒಪ್ಪಿದೆ,” ಅಂದರು ಮೇಷ್ಟ್ರು.

ಮಧ್ಯಾಹ್ನ ಬಿಡಿಸುವ ಕಷ್ಟವೇ ಬರಲಿಲ್ಲ. ಕ್ಯಾಮೆರಾದ ಕೆಳಗೆ ತಟ್ಟೆ ತಂದು ಇಟ್ಟರು, ಗಾಜಿನ ಮುಚ್ಚಳ ತೆಗೆದರು. ದೊಡ್ಡ ಪರದೆಯ ಮೇಲೆ ಹಲಗೆಯ ಕೆಳಭಾಗ ತಾನಾಗಿಯೇ ಮೆಲ್ಲಗೆ ಜಾರಿ ಬೇರೆಯಾಯಿತು. ಮೇಲಿನ ತುಂಡಿನ ಒಳಗು ಕೆಂಪು, ಕೆಳಗಿನದು ಬೂದಿ. ಎರಡು ಬೇರೆ ಮಣ್ಣು ಅಂತ ಹಸುಗೂಸಿಗೂ ಕಾಣುತ್ತಿತ್ತು.

“ಏನು ಮಾಡಿದೆಯೋ ಇದಕ್ಕೆ!” ಅಂತ ಮೇಷ್ಟ್ರು ಎದ್ದು ನಿಂತು ಕೂಗಿದರು. ಆಮೇಲೆ ಪರದೆಯ ಮೇಲಿನ ಆ ಎರಡು ಬಣ್ಣ ಅವರ ಕಣ್ಣಿಗೆ ಬಿತ್ತು. ಕುಸಿದು ಕೂತರು. ಅಲ್ಲಿಂದ ಈವರೆಗೆ ಒಂದು ಮಾತಾಡಿಲ್ಲ. ಮನೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾರೆ.

*

“ಮೊನ್ನೇನೇ ಬಿಡಿಸಿದ್ದೀಯ ನೀನು,” ಅಂದಳು ಇನ್ಸ್‌ಪೆಕ್ಟರಕ್ಕ. “ಹಳೇ ಅಂಟು ಮೆತ್ತಗಾಗೋಕೆ ಎರಡು ಮೂರು ಗಂಟೆ ಬೇಕು ಅಂತ ನೀನೇ ಹಿಂದೆ ನನಗೆ ಹೇಳಿದ್ದೆ. ಊಟದ ಬಿಡುವಲ್ಲಿ ನನ್ನ ತಮ್ಮನ ಕೈಲಿ ಆಗೋ ಕೆಲಸ ಅಲ್ಲ ಅದು. ಅಷ್ಟು ಸೂಕ್ಷ್ಮವಾಗಿ ಬಿಡಿಸೋದು ಹಾಗಿರ್ಲಿ, ಅವನಿಗೆ ಬಾಳೆಹಣ್ಣಿನ ಸಿಪ್ಪೆ ಸುಲಿಯೋಕೂ ಬರಲ್ಲ.”

ಗುಬ್ಬಿಯ ತುಟಿಯಲ್ಲಿ ನಗೆಯಂಥದ್ದೇನೋ ಬಂದು ಹೋಯಿತು. “ಹೌದಕ್ಕಾ, ನಾನೇ ಬಿಡಿಸಿದ್ದು.”

“ಅಯ್ಯೋ ತಾಯಿ! ನಿನ್ನೆನೇ ಹೇಳೋಕೆ ಏನಾಗಿತ್ತು ನಿನಗೆ?”

“ಯಾರ ಅಪ್ಪಣೇನೂ ಇಲ್ದೆ ಬಿಡಿಸಿದ್ದು. ಹೇಳಿದ್ರೆ ಕೆಲಸ ಹೋಗುತ್ತೆ.”

“ಕೆಲಸಕ್ಕೆ ಹೆದರೋಳಲ್ಲ ನೀನು.”

ಗುಬ್ಬಿ ಕುಂಚವನ್ನು ಕೆಳಗಿಟ್ಟಳು. “ಅಪ್ಪ ರಾತ್ರಿ ನಿದ್ದೆ ಮಾಡ್ತಿರ್ಲಿಲ್ಲ ಅಕ್ಕಾ. ಊಟಕ್ಕೆ ಕೂತ್ರೆ ಗೋಡೆ ಜೊತೆ ವಾದ. ಅನ್ನ ಕಲಸಿಕೊಂಡು, ಕೈ ಎತ್ತಿ, ‘ಇದಕ್ಕೇನಂತೀಯಾ?’ ಅಂತ ಅವನನ್ನೇ ಕೇಳೋದು, ಅವನು ಎದುರಿಗೇ ಇದ್ದ ಹಾಗೆ. ಇವನೂ ಅಷ್ಟೇ. ಮಾತು ಬಿಟ್ಟು ಇಷ್ಟು ವರ್ಷ ಆದ್ರೂ ಅಪ್ಪ ಏನು ಬರೆದ್ರೂ ಮೊದಲು ಓದೋನು ಅವನೇ. ನನಗೆ ಸಾಕಾಗಿ ಹೋಗಿತ್ತು. ಬಿಡಿಸಿ ನೋಡಿದ್ರೆ ಒಂದೋ ಅಪ್ಪ ಸುಮ್ಮನಾಗ್ತಾರೆ, ಇಲ್ಲ ಅವನು. ಯಾರಾದ್ರೂ ಒಬ್ರು ಸೋತು ಮನೆ ಸೇರ್ಲಿ ಅನ್ನಿಸ್ತು.”

ಇನ್ಸ್‌ಪೆಕ್ಟರಕ್ಕನಿಗೆ ಎದೆಯ ಮೇಲಿನ ಕಲ್ಲು ಇಳಿಸಿದ ಹಾಗಾಯಿತು. ಅದರ ಬೆನ್ನಿಗೇ ನಾಚಿಕೆಯೂ ಆಯಿತು. ತಮ್ಮ ಉಳಿದ, ಸರಿ. ಆ ಮುದುಕರ ಗತಿ? ಜೀವಮಾನವೆಲ್ಲ ಒಂದು ತಪ್ಪು ತುಂಡನ್ನು ನಂಬಿ ಕೂತವರು. ಅವರ ಮನೆಯಲ್ಲಿ ಅವಳೂ ಎಷ್ಟೋ ಸಲ ಕೂತು ಉಂಡಿದ್ದಾಳೆ. ಮಹಡಿಯ ಮೇಲೆ ನಿಲ್ಲಿಸಿ, ಬೆರಳು ಹಿಡಿದು, ಅವಳಿಗೂ ಬೆಳ್ಳಿ ತೋರಿಸಿದ್ದರು ಅವರು.

ಆದರೂ ಎದ್ದು ನಿಂತಳು. ಎಷ್ಟಾದರೂ ಹಳೇ ಪೊಲೀಸು.

“ನಡಿ, ಸಾಹೇಬ್ರಿಗೆ ಹೇಳು. ಹಲಗೆ ಮೊದಲೇ ಬಿಡಿಸಿದ್ದಾಗಿತ್ತು, ತಾನಾಗಿ ಜಾರ್ತು, ಅವನು ಮುಟ್ಟಲಿಲ್ಲ ಅಂತ ಹೇಳಿದ್ರೆ ಸಾಕು. ಅಪ್ಪನ ಮರ್ಯಾದೆ ಅಂತ ಬಾಯಿ ಮುಚ್ಕೊಂಡು ಕೂತ್ರೆ ನಿರಪರಾಧಿ ಒಬ್ಬ ಜೈಲಿಗೆ ಹೋಗ್ತಾನೆ. ನಿನಗೆ ಕಷ್ಟ ಅಂತ ಗೊತ್ತು ಪುಟ್ಟಾ. ಅಪ್ಪನೇ ಆಗ್ಲಿ ಯಾರೇ ಆಗ್ಲಿ, ಇದ್ದದ್ದನ್ನ ಇದ್ದ ಹಾಗೆ ಹೇಳ್ಬೇಕು.”

ಗುಬ್ಬಿ ಏಳಲಿಲ್ಲ.

“ಅಕ್ಕಾ, ಕೂತ್ಕೊಳ್ಳಿ.”

“ಹೊತ್ತಾಗುತ್ತೆ ಕಣೇ.”

“ಕೂತ್ಕೊಳ್ಳಿ ಅಕ್ಕಾ. ನಿಮ್ಮ ಕಾಲಿಗೆ ಬೀಳ್ತೀನಿ.”

ಆ ದನಿ ಕೇಳಿ ಅವಳು ಕೂತಳು.

ಗುಬ್ಬಿ ಕಪಾಟಿನಿಂದ ಒಂದು ಒಡೆದ ಬಟ್ಟಲಿನ ಎರಡು ಹೋಳುಗಳನ್ನು ತಂದು ಕೈಗೆ ಕೊಟ್ಟಳು. “ಇವನ್ನ ಕೂಡಿಸಿ. ಅಂಟು ಬೇಡ.”

ಇನ್ಸ್‌ಪೆಕ್ಟರಕ್ಕ ಅಂಚಿಗೆ ಅಂಚು ಹಿಡಿದು ಹೊಂದಿಸಿದಳು. ಎಲ್ಲೋ ಒಂದು ಕಡೆ ಕಟ್ ಅಂತ ಕೂತಿತು. ಮೇಲಿನ ಹೋಳನ್ನು ಮಾತ್ರ ಹಿಡಿದು ಎತ್ತಿದರೂ ಕೆಳಗಿನದು ಬೀಳಲಿಲ್ಲ.

“ಕಚ್ಚುತ್ತೆ ಅಂತೀವಿ ನಾವು,” ಅಂದಳು ಗುಬ್ಬಿ. “ಒಂದೇ ಮೈಯಿಂದ ಮುರಿದ ತುಂಡುಗಳು ಒಂದನ್ನೊಂದು ಕಚ್ಚಿ ಹಿಡಿಯುತ್ವೆ. ಒಂದರ ಉಬ್ಬು ಇನ್ನೊಂದರ ತಗ್ಗಿಗೆ ಹೋಗಿ ಕೂರುತ್ತೆ. ಅಂಟು ಹಾಕೋದು ಆಮೇಲಿನ ಮಾತು. ನಮ್ಮ ಕೈಗೆ ಅದು ಮೊದಲು ಗೊತ್ತಾಗುತ್ತೆ, ಕಣ್ಣಿಗೆ ಆಮೇಲೆ. ಈಗ ತಟ್ಟೇಲಿರೋದನ್ನ ಕೂಡಿಸಿ ನೋಡಿ.”

ಕೂಡಿಸಿದಳು. ಜಾರಿತು. ತಿರುಗಿಸಿ ಹಿಡಿದಳು. ಮತ್ತೆ ಜಾರಿತು. ಎಲ್ಲೂ ಹಿಡಿತವೇ ಇರಲಿಲ್ಲ.

“ಸರಿ, ತಪ್ಪು ತುಂಡು. ಗೊತ್ತಾಗಿದೆಯಲ್ಲ. ನಿಮ್ಮಪ್ಪ ತಪ್ಪಾಗಿ ಕೂಡಿಸಿದ್ರು.”

“ಮೊನ್ನೆ ರಾತ್ರಿ ಬಿಡಿಸಿದ್ಮೇಲೆ ನಾನು ಹೊಸ ಅಂಟು ಹಾಕ್ಲಿಲ್ಲ ಅಕ್ಕಾ. ಹಾಕಿದ್ರೆ ಒಣಗೋಕೆ ಹೊತ್ತು ಸಾಲ್ತಿರ್ಲಿಲ್ಲ. ಹಾಗೇ ಕೂಡಿಸಿ ತಟ್ಟೇಲಿ ಇಟ್ಟೆ. ನಿನ್ನೆ ಬೆಳಿಗ್ಗೆ ಆಳು ಅದನ್ನ ಮೆಟ್ಟಲು ಹತ್ತಿಸಿ ಒಯ್ದ. ಅಪ್ಪ ಬೆಳಿಗ್ಗೆಯ ವಾದದಲ್ಲಿ ಎರಡೂ ಕೈಲಿ ಎತ್ತಿ ಜನಕ್ಕೆ ತೋರಿಸಿದ್ರು. ನೀವೂ ನೋಡಿದ್ರಿ. ಅಲುಗಾಡ್ಲಿಲ್ಲ.”

ಇನ್ಸ್‌ಪೆಕ್ಟರಕ್ಕ ಕೈಯಲ್ಲಿದ್ದ ಬೂದಿ ಬಣ್ಣದ ತುಂಡನ್ನು ಮರಳಿನ ಮೇಲೆ ನಿಧಾನ ಇಟ್ಟಳು.

“ಏನು ಹೇಳ್ತಿದ್ದೀಯ ನೀನು?”

“ನಾನು ಬಿಡಿಸಿದ ತುಂಡು ಇದಲ್ಲ. ಅದರ ಒಳಗೂ ಕೆಂಪೇ ಇತ್ತು. ಮಣ್ಣಿನಲ್ಲಿ ಒಂದು ಕಪ್ಪೆಚಿಪ್ಪಿನ ಚೂರು ಸಿಕ್ಕಿಕೊಂಡಿತ್ತು, ಬಿರುಕು ಸರಿಯಾಗಿ ಅದರ ಮಧ್ಯಕ್ಕೇ ಹೋಗಿತ್ತು. ಅರ್ಧ ಮೇಲಿನದರಲ್ಲಿ, ಅರ್ಧ ಕೆಳಗಿನದರಲ್ಲಿ. ಮೇಲಿನ ಅರ್ಧ ಇನ್ನೂ ಅಲ್ಲೇ ಇದೆ, ನೋಡಿ.”

ಇತ್ತು. ಬೆಳಿಗ್ಗೆಯಿಂದ ಅದನ್ನು ಅವಳು ಸುಣ್ಣದ ಕಲೆ ಅಂದುಕೊಂಡಿದ್ದಳು.

“ಅಪ್ಪ ಕೂಡಿಸಿದ್ದು ಸರಿಯಾಗಿತ್ತು ಅಕ್ಕಾ.” ಗುಬ್ಬಿಯ ಕಣ್ಣು ತುಂಬಿ ಬಂತು. “ಆ ಕಾಲದಲ್ಲಿ, ಒಂದು ಸರಿಯಾದ ದೀಪ ಕೂಡ ಇಲ್ದೆ, ಬರೀ ಬೆರಳಲ್ಲಿ ಮುಟ್ಟಿ ಮುಟ್ಟಿ ಹುಡುಕಿದ್ದರು. ಸರಿಯಾಗೇ ಹುಡುಕಿದ್ದರು. ಈಗ ಅವರೇ ಅದು ತಪ್ಪು ಅಂದ್ಕೊಂಡು ಗೋಡೆ ನೋಡ್ಕೊಂಡು ಮಲಗಿದ್ದಾರೆ. ಹತ್ರದಿಂದ ನೋಡಿದ್ದಿದ್ರೆ ಇದು ತಮ್ಮ ತುಂಡಲ್ಲ ಅಂತ ಒಂದೇ ನೋಟಕ್ಕೆ ಗುರುತು ಹಿಡೀತಿದ್ದರು. ಅವರು ನೋಡಿದ್ದು ಪರದೆ ಮೇಲೆ, ಬರೀ ಬಣ್ಣ. ಆಮೇಲೆ ಸಾಹೇಬ್ರು ಬೀಗ ಹಾಕಿಬಿಟ್ರು.”

ಕಿಟಕಿಯಾಚೆ ಯಾರದೋ ಚಪ್ಪಲಿಗಳು ಸರಸರ ನಡೆದುಹೋದವು. ಇನ್ಸ್‌ಪೆಕ್ಟರಕ್ಕನಿಗೆ ಮುಂದಿನ ಪ್ರಶ್ನೆ ಗೊತ್ತಿತ್ತು. ಕೇಳಲು ಮನಸ್ಸಿರಲಿಲ್ಲ. ಉತ್ತರವೂ ಗೊತ್ತಿದ್ದಾಗ ಯಾರಿಗೆ ತಾನೇ ಮನಸ್ಸಿರುತ್ತದೆ?

“ಚೂರುಗಳ ಆ ಹಳೇ ಪೆಟ್ಟಿಗೆ,” ಅಂದಳು ಕೊನೆಗೆ. “ಅದನ್ನ ಇತ್ತೀಚೆಗೆ ಯಾರು ನೋಡಿದ್ರು?”

“ವಾದಕ್ಕೆ ತಯಾರಿ ಅಂತ ಅಪ್ಪಣೆ ತಗೊಂಡು ಅವನೇ ಬಂದು ನೋಡ್ತಿದ್ದ. ಅದರಲ್ಲಿ ಇಂಥ ಬೂದಿ ಮಣ್ಣಿನ ತುಂಡುಗಳು ಬೇಕಾದಷ್ಟಿವೆ.”

“ತುಂಡು ನಿಜವಾದದ್ದು ಅಂತ ನೀನು ಯಾರಿಗಾದ್ರೂ ಹೇಳಿದ್ಯಾ?”

ಗುಬ್ಬಿ ಸೆರಗಿನಲ್ಲಿ ಮುಖ ಒರೆಸಿಕೊಂಡಳು.

“ಹೇಳ್ದೆ. ಅಪ್ಪನಿಗಲ್ಲ, ಅವನಿಗೆ. ಮೊನ್ನೆ ರಾತ್ರೀನೇ ಫೋನ್ ಮಾಡ್ದೆ. ಎಷ್ಟು ವರ್ಷ ಆಗಿತ್ತು ಅಕ್ಕಾ, ಆ ನಂಬರ್ ಒತ್ತಿ! ‘ನೋಡು, ಹಲಗೆ ಬಿಡಿಸಿ ನೋಡ್ದೆ, ಅಂಟಿಲ್ದೆ ಹಾಗೇ ಕೂಡಿಸಿಟ್ಟಿದೀನಿ. ಅಪ್ಪ ಕೂಡಿಸಿದ್ದು ಸರಿ ಇದೆ. ನಾಳೆ ತುಂಡು ತಪ್ಪು ಅಂತ ವಾದ ಮಾಡ್ಬೇಡ, ಎಲ್ಲರೆದುರು ನಗೆಪಾಟಲಾಗ್ತೀಯ’ ಅಂದೆ. ಅವನ ಮಾನ ಉಳೀಲಿ ಅಂತಲೇ ಮಾಡಿದ್ದು ನಾನು.”

“ಏನಂದ ಅವನು?”

“ಥ್ಯಾಂಕ್ಸ್ ಅಂದ.”

ಇನ್ಸ್‌ಪೆಕ್ಟರಕ್ಕ ಎರಡೂ ಕೈಯಿಂದ ಹಣೆ ಒತ್ತಿಕೊಂಡಳು. ಅಷ್ಟು ಗೊತ್ತಿದ್ದೂ ಬೆಳಿಗ್ಗೆ ವೇದಿಕೆ ಹತ್ತಿ, ಗುರುಗಳ ಮುಖ ನೋಡಿಕೊಂಡು, ತಪ್ಪಾಗಿ ಕೂಡಿಸಿದ್ದೀರಿ ಅಂದನಲ್ಲ! ಊಟದ ಹೊತ್ತಿಗೆ ತುಂಡು ಬದಲಾಯಿಸಿದ. ಗುಬ್ಬಿಯ ಕೈಯಲ್ಲೇ ಎಲ್ಲರೆದುರು ಬಿಡಿಸಿ ಬೂದಿ ಬಣ್ಣ ತೋರಿಸಬೇಕು ಅಂತಿದ್ದ. ಲೆಕ್ಕದವನಿಗೆ ಮಣ್ಣು ಕಚ್ಚುವ ಗುಟ್ಟು ಗೊತ್ತಿರಲಿಲ್ಲ, ಅದು ಮೊದಲೇ ಜಾರಿತು.

“ನೀನು ಬಾಯಿ ಬಿಟ್ರೆ ಅಂತ ಅವನಿಗೆ ಅನ್ನಿಸಲಿಲ್ವಾ?”

“ನಾನು ಬಿಡಲ್ಲ ಅಂತ ಅವನಿಗೆ ಗೊತ್ತಿತ್ತು,” ಅಂದಳು ಗುಬ್ಬಿ. “ಅದೇ ಅಕ್ಕಾ ನನಗೆ ತಡೆಯೋಕಾಗದೇ ಇರೋದು.”

ಅವಳು ಬಟ್ಟಲಿನ ಹೋಳುಗಳನ್ನು ಎತ್ತಿ ಕಪಾಟಿನಲ್ಲಿ ಇಟ್ಟು ಬಂದು ಕೂತಳು.

“ಅವನು ಸೋಲಬೇಕಾಗೇ ಇರ್ಲಿಲ್ಲ ಗೊತ್ತಾ?” ಗುಬ್ಬಿಯ ದನಿಯಲ್ಲಿ ಈಗ ಸಿಟ್ಟಿತ್ತು. “ತುಂಡು ನಿಜ ಆದ ಮಾತ್ರಕ್ಕೆ ಗ್ರಹ ದಾರಿ ತಪ್ಪಿತ್ತು ಅಂತ ಆಗಲ್ಲ. ಬರೆದವನೂ ಮನುಷ್ಯ ತಾನೇ? ಮೋಡ ಮುಚ್ಚಿದ್ದಿರ್ಬಹುದು. ಹಳೇ ಹಲಗೆ ನೋಡಿ ನಕಲು ಮಾಡುವಾಗ ಸಾಲು ತಪ್ಪಿಸಿಕೊಂಡಿರ್ಬಹುದು. ‘ಸರ್, ತುಂಡು ನಿಮ್ಮದೇ ಸರಿ, ಬರೆದವನ ಕೈ ತಪ್ಪಿದೆ’ ಅಂದಿದ್ರೆ ಅಪ್ಪ ಎದ್ದು ಬಂದು ಅವನನ್ನ ತಬ್ಬಿಕೊಳ್ತಿದ್ರು. ಮತ್ತೆ ಜಗಳ ಆಡ್ತಿದ್ರು, ಆದ್ರೆ ತಬ್ಬಿಕೊಂಡೇ ಆಡ್ತಿದ್ರು. ಅಷ್ಟು ಒಂದು ಮಾತು ಅವನ ಬಾಯಲ್ಲಿ ಬರ್ಲಿಲ್ಲ.”

ಬರುವುದಿಲ್ಲ ಅಂತ ಅಕ್ಕನಿಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ಪಗಡೆಯಲ್ಲಿ ಸೋತರೆ ಕಾಯಿ ಎಸೆದು ಓಡುತ್ತಿದ್ದವನು. ಓಡಿಹೋಗಿ ಕತ್ತಲೆ ಮೂಲೆಯಲ್ಲಿ ಕೂತವನನ್ನು ರಮಿಸಿ, ನೀನೇ ಗೆದ್ದೆ ಬಾರೋ ಅಂತ ಕರೆತರುತ್ತಿದ್ದವಳು ಇವಳೇ.

*

ಅವಳು ಫೋನು ತೆಗೆದು ತಮ್ಮನಿಗೆ ಮಾಡಿದಳು. ತುಂಬಾ ಹೊತ್ತು ರಿಂಗಾಯಿತು.

“ಹೇಳಕ್ಕಾ.” ಹಿಂದೆ ಗಾಳಿಯ ಸದ್ದು, ಎಲ್ಲೋ ಲಾರಿಯ ಹಾರನ್ನು.

“ಎಲ್ಲಿದ್ದೀಯೋ?”

“ಇಲ್ಲೇ. ನಡ್ಕೊಂಡು ಬಂದೆ.”

“ಗುಬ್ಬಿ ಎದುರಿಗೆ ಕೂತಿದ್ದೀನಿ.”

ಆಚೆ ಕಡೆ ಇನ್ನೊಂದು ಲಾರಿ ಸದ್ದು ಮಾಡುತ್ತಾ ಹಾದುಹೋಯಿತು.

“ನಿಜವಾದ ತುಂಡು ಎಲ್ಲಿದೆ?”

ಯಾವ ತುಂಡು ಅಂತ ಅವನು ಕೇಳಿದ್ದರೆ! ಏನಕ್ಕಾ ಹೀಗಂತೀಯ ಅಂತ ರೇಗಿದ್ದರೆ! ಅವಳು ಅದಕ್ಕೇ ಕಾದಳು, ಕಿವಿಗೆ ಫೋನು ಒತ್ತಿಕೊಂಡು. ಒಂದು ಬೈಗುಳಕ್ಕೆ ಅವಳ ಜೀವ ಹಾತೊರೆಯಿತು.

“ಕೈಯಲ್ಲಿದೆ,” ಅಂದ ತಮ್ಮ.

“ನಿನ್ನೆ ರಾತ್ರಿಯೆಲ್ಲ ಮೇಜಿನ ಮೇಲೆ ಇಟ್ಕೊಂಡು ಕೂತಿದ್ದೆ ಅಕ್ಕಾ,” ಅಂತ ಅವನೇ ಮುಂದುವರಿಸಿದ. “ ಎಷ್ಟು ಚಂದ ಬರೆದಿದ್ದಾನೆ ಅಂತೀಯ! ಮೇಷ್ಟ್ರು ಕಲಿಸಿದ ಹಾಗೇ ಒಂದೊಂದು ಗುರುತು ಓದ್ದೆ. ಬೆಳಿಗ್ಗೆ ತಗೊಂಡು ಅವರ ಮನೆಗೆ ಹೋದೆ. ಬಾಗಿಲ ತನಕ ಹೋದೆ. ಕಿಟಕಿಯಿಂದ ಅವರ ಬೆನ್ನು ಕಾಣಿಸ್ತು. ಒಳಗೆ ಹೋಗೋಕೆ ಆಗ್ಲಿಲ್ಲ.”

“ಈಗ ಎಲ್ಲಿದ್ದೀಯ, ಸರಿಯಾಗಿ ಹೇಳು.”

“ಸೇತುವೆ ಮೇಲೆ.”

ಫೋನಿನಿಂದ ದನಿ ಹೊರಗೂ ಕೇಳುತ್ತಿತ್ತು. ಗುಬ್ಬಿ ಧಡಕ್ಕನೆ ಎದ್ದು ನಿಂತಳು. “ಅಕ್ಕಾ, ಅದು ಸುಡದ ಮಣ್ಣು. ನೀರಿಗೆ ಬಿದ್ರೆ ಕೆಸರಾಗಿ ಹೋಗುತ್ತೆ. ಹುಡುಕಿದ್ರೂ ಏನೂ ಸಿಗಲ್ಲ.”

ತಮ್ಮನಿಗೂ ಅದು ಕೇಳಿಸಿರಬೇಕು. “ಹೌದು, ಏನೂ ಸಿಗಲ್ಲ,” ಅಂದ. “ಇದು ಹೋದ್ರೆ ನಾನು ಉಳೀತೀನಿ. ತಂದ್ರೆ ಮೇಷ್ಟ್ರು ಉಳೀತಾರೆ. ನನಗೆ ತಲೆ ಓಡ್ತಿಲ್ಲ ಅಕ್ಕಾ. ಚಿಕ್ಕೋನಿದ್ದಾಗಿಂದ ಎಲ್ಲಾನೂ ನೀನೇ ಹೇಳಿದ್ದೀಯ. ಇದನ್ನೂ ಹೇಳು. ಎಸೀಲಾ, ತರ್ಲಾ?”

ಹಿಂದೆ ಬಾಗಿಲು ಸದ್ದಾಯಿತು. ಮುಖ್ಯಸ್ಥರು ಒಳಗೆ ಬಂದರು. ಕೋಟು ಹಾಕಿಕೊಂಡು ಹೊರಡಲು ತಯಾರಾಗಿ ನಿಂತಿದ್ದರು.

“ಏನಮ್ಮಾ, ಏನಾದ್ರೂ ಸಿಕ್ತಾ?” ಅಂದರು ಮೆಲ್ಲಗೆ. ಒಳ್ಳೆಯ ಮನುಷ್ಯ, ಯಾರನ್ನೂ ಜೈಲಿಗೆ ಕಳಿಸುವ ಆಸೆ ಅವರಿಗೂ ಇರಲಿಲ್ಲ. “ನಿಮ್ಮ ತಮ್ಮ ಅಲ್ಲ ಅಂತ ಒಂದು ಮಾತು ಹೇಳಿ. ನಿಮ್ಮ ಮಾತನ್ನ ನಾನು ನಂಬ್ತೀನಿ.”

ಗುಬ್ಬಿ ಅವಳ ಮುಖವನ್ನೇ ನೋಡುತ್ತಿದ್ದಳು. ಬೇಡಲೂ ಇಲ್ಲ, ತಡೆಯಲೂ ಇಲ್ಲ. ನೀವು ಹೇಗೆ ಹೇಳಿದರೆ ಹಾಗೆ ಅಂತ ನಿಂತಿದ್ದಳು.

ಇನ್ಸ್‌ಪೆಕ್ಟರಕ್ಕನ ಕಣ್ಣ ಮುಂದೆ ಗೋಡೆಗೆ ಮುಖ ಮಾಡಿ ಮಲಗಿದ ಮುದುಕರು ಬಂದ ಹಾಗಾಯಿತು. ಮರುಕ್ಷಣ ಕತ್ತಲೆ ಮೂಲೆಯಲ್ಲಿ ಮೊಣಕಾಲು ತಬ್ಬಿ ಕೂತ ಹುಡುಗ ಬಂದ. ಹೇಳಬೇಕಾದ ಮಾತು ನಾಲಗೆಯ ತುದಿಯಲ್ಲೇ ಇತ್ತು. ಆದರೂ ಅವಳು ತಡೆದಳು. ಹೆಚ್ಚಲ್ಲ, ಒಂದೆರಡು ಉಸಿರಿನಷ್ಟು ಹೊತ್ತು ತಡೆದಳು. ಆ ಹೊತ್ತಿನಲ್ಲಿ ಅವಳೊಳಗಿನ ಅಕ್ಕ, ಎಸೆದುಬಿಡಲಿ ಅಂತಲೇ ಬಯಸಿದ್ದಳು.

“ತಗೊಂಡು ಬಾರೋ,” ಅಂದಳು ಆಮೇಲೆ. “ಗುಬ್ಬಿ ಕೈಗೆ ತಂದು ಕೊಡು. ನಾನು ನಿನ್ನ ಜೊತೆ ಇರ್ತೀನಿ. ಕೇಳಿಸ್ತಾ? ಏ, ಕೇಳಿಸ್ತೇನೋ?”

ಫೋನನ್ನು ಕಲ್ಲಿನ ಮೇಲೆ ಇಟ್ಟ ಹಾಗೆ ಟಕ್ ಅಂತು, ಆಮೇಲೆ ಕಿವಿಯಲ್ಲಿ ಬರೀ ಗಾಳಿ ಮೊರೆಯಿತು. ಅದರ ನಡುವೆ, ದೂರದಲ್ಲಿ, ನೀರಿಗೆ ಏನೋ ಬಿದ್ದ ಸದ್ದು.

ಅಂಗೈಯಲ್ಲಿ ಅಡಗುವ ಮಣ್ಣಿನ ತುಂಡು ಬಿದ್ದರೆ ಅಷ್ಟು ದೊಡ್ಡ ಸದ್ದು ಆಗುವುದಿಲ್ಲ.

“ಏ ತಮ್ಮಾ!” ಅಂತ ಅವಳು ಕೂಗಿದಳು. ಫೋನಿನಲ್ಲಿ ಯಾರೋ ಅಪರಿಚಿತರು ದೂರದಲ್ಲಿ ಗಟ್ಟಿಯಾಗಿ ಕಿರುಚುತ್ತಿದ್ದರು. ತಮ್ಮನ ದನಿ ಕೇಳಿಸಲಿಲ್ಲ.